ಹರಳು ಮತ್ತೆ ಬಾರದಂತೆ

ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿರಿ. ಒಂದು ಲೋಟ ನೀರಿಗೆ ಉಪ್ಪನ್ನು ಚಮಚದಿಂದ ಹಾಕುತ್ತ ಕದಡಿರಿ. ಮೊದಮೊದಲು ಎಲ್ಲವೂ ಕರಗುತ್ತದೆ. ಆಮೇಲೆ ಕರಗದೆ ತಳದಲ್ಲಿ ಉಳಿಯತೊಡಗುತ್ತದೆ. ಮೇಲಿನ ತಿಳಿನೀರನ್ನು ತಾಟಿಗೆ ಸುರಿದು ಬಿಸಿಲಿಗಿಟ್ಟರೆ ಕೆಲವು ದಿನಗಳಲ್ಲಿ ಹೊಳೆಯುವ ಹರಳುಗಳು ಕಾಣುತ್ತವೆ. ನೀರು ಕಡಿಮೆಯಾಯಿತು, ಹರಳು ಹುಟ್ಟಿತು. ಮೂತ್ರಪಿಂಡದಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ.

ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ಮರಳಿ ರಕ್ತಕ್ಕೇ ಕೊಟ್ಟು, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಹೊರಗೆ ಕಳಿಸುತ್ತವೆ. ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಮುಂತಾದವು ಈ ಮೂತ್ರದಲ್ಲಿ ಕರಗಿರುತ್ತವೆ. ಮೂತ್ರ ಗಟ್ಟಿಯಾದರೆ ಅವು ಹರಳುಗಟ್ಟುತ್ತವೆ. ಹೆಚ್ಚಿನ ಹರಳುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಮರಾಠಿಯಲ್ಲಿ 'ಮುತಖಡಾ' ಎಂದು ನೀವು ಕೇಳಿರುವುದು ಇದನ್ನೇ. ಇದು ಹೊಸ ಕಾಯಿಲೆಯೇನಲ್ಲ. ಸುಶ್ರುತ ಸಂಹಿತೆಯು ಇದನ್ನು 'ಅಶ್ಮರೀ' ಎಂದು ಕರೆದು, ಮೂತ್ರಕೋಶದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ಬಗೆಯನ್ನು ವಿವರಿಸಿದೆ. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1980ರಲ್ಲಿ ಮೊದಲ ಬಾರಿಗೆ ರೋಗಿಯ ಮೈ ಕೊಯ್ಯದೆ ಆಘಾತ ತರಂಗಗಳಿಂದ ಹರಳನ್ನು ಪುಡಿ ಮಾಡಿದರು.

ಹರಳು ಹೋಯಿತು, ನೋವು ನಿಂತಿತು. ಅಲ್ಲಿಗೆ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಆದರೆ ಹರಳು ಹುಟ್ಟಿಸಿದ ಕಾರಣ ಹಾಗೆಯೇ ಉಳಿದಿರುತ್ತದೆ. ಒಮ್ಮೆ ಹರಳಾದವರು ಎಚ್ಚರ ವಹಿಸದಿದ್ದರೆ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷಗಳೊಳಗೆ ಅದು ಮರಳಿ ಬರುತ್ತದೆ. ದಿನಗೂಲಿಯ ಮೇಲೆ ನಡೆಯುವ ಮನೆಯಲ್ಲಿ ಎರಡನೆಯ ಸಲದ ಆಸ್ಪತ್ರೆ ಖರ್ಚು ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ.

ಮೊದಲ ಔಷಧ ನೀರು. ಇಟಲಿಯ ಪಾರ್ಮಾ ನಗರದಲ್ಲಿ ಬೊರ್ಗಿ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಮೊದಲ ಬಾರಿ ಹರಳಾದ 199 ಜನರನ್ನು ಐದು ವರ್ಷ ಗಮನಿಸಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ನೀರು ಕುಡಿದ 99 ಜನರಲ್ಲಿ 12 ಜನರಿಗೆ ಹರಳು ಮರಳಿತು. ಎಂದಿನಂತೆಯೇ ಇದ್ದ 100 ಜನರಲ್ಲಿ 27 ಜನರಿಗೆ ಮರಳಿತು. ಬರೀ ನೀರಿನಿಂದ ಇಷ್ಟು ವ್ಯತ್ಯಾಸ! ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಅದಕ್ಕೆ ಮೂರು ಲೀಟರಿನಷ್ಟಾದರೂ ನೀರು ಬೇಕು. ಬಿಸಿಲಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು. ಅಳೆಯಲು ಪಾತ್ರೆ ಬೇಡ, ಬಣ್ಣ ನೋಡಿದರೆ ಸಾಕು. ಮೂತ್ರ ತಿಳಿಯಾಗಿದ್ದರೆ ಸರಿ, ಗಾಢ ಹಳದಿಯಾದರೆ ನೀರು ಸಾಲದೆಂದು ತಿಳಿಯಿರಿ. ರಾತ್ರಿ ಮಲಗುವ ಮುಂಚೆಯೂ ಒಂದು ಲೋಟ ಕುಡಿಯಬೇಕು. ನಾವು ನಿದ್ರಿಸುವಾಗಲೇ ಮೂತ್ರ ಹೆಚ್ಚು ಗಟ್ಟಿಯಾಗುತ್ತದೆ.

ನಮ್ಮ ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದ ಬೇಸಿಗೆ 40 ಅಂಶ ದಾಟುತ್ತದೆ. ಮಗ್ಗದ ಶೆಡ್ಡಿನಲ್ಲಿ ನಿಂತವರು, ಕಬ್ಬು ಕಡಿಯುವವರು ಕುಡಿದದ್ದೆಲ್ಲ ಬೆವರಾಗಿ ಹೋಗುತ್ತದೆ. ಇನ್ನು ಕೆಲವರು ನೀರಿದ್ದರೂ ಕುಡಿಯುವುದಿಲ್ಲ. ಶೌಚಾಲಯ ಇಲ್ಲ ಅಥವಾ ಸ್ವಚ್ಛವಾಗಿಲ್ಲ ಎಂದು ಹೆಣ್ಣುಮಕ್ಕಳು ಬಾಯಾರಿಕೆಯನ್ನು ತಡೆದುಕೊಳ್ಳುತ್ತಾರೆ. ಇದು ಆ ಹುಡುಗಿಯರ ತಪ್ಪಲ್ಲ, ಶೌಚಾಲಯ ಕಟ್ಟಿಸಬೇಕಾದವರ ತಪ್ಪು.

ಎರಡನೆಯದು ಉಪ್ಪು. ಉಪ್ಪು ಹೆಚ್ಚು ತಿಂದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಚಿಕ್ಕ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಫರಸಾಣಗಳ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.

ಹರಳಿನಲ್ಲಿ ಕ್ಯಾಲ್ಸಿಯಂ ಇದೆಯಲ್ಲವೇ, ಹಾಗಾದರೆ ಹಾಲು ಮೊಸರು ಬಿಡಬೇಕೇ? ಬಹಳ ಜನ ಹಾಗೆ ತಿಳಿದಿದ್ದಾರೆ. ಅದು ಸರಿಯಲ್ಲ. ಊಟದಲ್ಲಿಯ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಮಲದ ಜೊತೆ ಹೊರಹಾಕುತ್ತದೆ. ಹಾಲು ಬಿಟ್ಟರೆ ಆಕ್ಸಲೇಟ್ ತಡೆಯಿಲ್ಲದೆ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಬರುತ್ತದೆ. ಅದೇ ಬೊರ್ಗಿಯವರು 2002ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಗಂಡಸರಲ್ಲಿ 23 ಜನರಿಗೆ ಐದು ವರ್ಷಗಳಲ್ಲಿ ಹರಳು ಮರಳಿತು. ಕ್ಯಾಲ್ಸಿಯಂ ಬಿಡದೆ ಉಪ್ಪು, ಮಾಂಸ ಕಡಿಮೆ ಮಾಡಿದ 60 ಜನರಲ್ಲಿ 12 ಜನರಿಗೆ ಮಾತ್ರ.

ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಬಹಳ. ಬೀಟ್‌ರೂಟ್, ಶೇಂಗಾಗಳಲ್ಲೂ ಇದೆ. ಶೇಂಗಾ ಹಿಂಡಿ ಇಲ್ಲದ ರೊಟ್ಟಿ ನಮಗೆ ಹೇಗೆ ಸೇರೀತು? ಹಿಂಡಿ ಮಿತವಾಗಿರಲಿ, ಅದರೊಡನೆ ಮೊಸರು ಕಲಸಿಕೊಳ್ಳಿರಿ. ಟೊಮೆಟೊ ಬೀಜವೇ ಹರಳಾಗುತ್ತದೆ ಎಂಬುದು ಬರಿಯ ಕಲ್ಪನೆ. ಲಿಂಬೆಹಣ್ಣಿನ ಸಿಟ್ರೇಟ್ ಹರಳುಗಟ್ಟುವುದನ್ನು ತಡೆಯುತ್ತದೆ, ಆದ್ದರಿಂದ ಸಕ್ಕರೆ ಉಪ್ಪು ಹಾಕದ ಲಿಂಬೆನೀರು ಒಳ್ಳೆಯದು. ಹುರುಳಿ ಕಟ್ಟು, ಬಾಳೆದಿಂಡನ್ನು ಆಹಾರವಾಗಿ ತಿನ್ನಲು ಅಡ್ಡಿಯಿಲ್ಲ. ಅವನ್ನೇ ನಂಬಿ ವೈದ್ಯರನ್ನು ಬಿಡಬಾರದು.

ಹರಳುಗಳಲ್ಲಿ ಬಗೆಗಳಿವೆ. ಯೂರಿಕ್ ಆಮ್ಲದ ಹರಳಿಗೆ ಒಂದು ಉಪಾಯ, ಸೋಂಕಿನಿಂದಾದ ಹರಳಿಗೆ ಇನ್ನೊಂದು. ಆದ್ದರಿಂದ ಮೂತ್ರದಲ್ಲಿ ಬಿದ್ದ ಹರಳನ್ನು ಎಸೆಯದೆ, ಕಾಗದದಲ್ಲಿ ಕಟ್ಟಿ ವೈದ್ಯರಿಗೆ ಕೊಡಬೇಕು. ಹೃದಯದ ಅಥವಾ ಮೂತ್ರಪಿಂಡದ ಬೇರೆ ಕಾಯಿಲೆ ಇದ್ದವರು ಎಷ್ಟು ನೀರು ಕುಡಿಯಬೇಕೆಂದು ವೈದ್ಯರನ್ನೇ ಕೇಳಬೇಕು. ನೋವಿನೊಡನೆ ಚಳಿಜ್ವರ ಬಂದರೆ, ಇಲ್ಲವೆ ಮೂತ್ರವೇ ನಿಂತರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸ್ವಾಧ್ಯಾಯ

1. ಹರಳಾದವರು ಹಾಲು ಮೊಸರು ಏಕೆ ಬಿಡಬಾರದು? ನಿಮ್ಮ ಮಾತುಗಳಲ್ಲಿ ಬರೆಯಿರಿ.

2. ಮನೆಯಲ್ಲಿ ದುಡಿಯುವವರೊಬ್ಬರು ಒಂದು ದಿನದಲ್ಲಿ ಎಷ್ಟು ಲೋಟ ನೀರು ಕುಡಿದರೆಂದು ಎಣಿಸಿ ವರ್ಗದಲ್ಲಿ ಹೇಳಿರಿ.