ಟರ್ಬೊ ಇಲ್ಲದ ಜಿಪ್ಸಿ ಮಣ್ಣಿನ ಟ್ರ್ಯಾಕ್‌ಗೆ ಇಳಿಯುವ ಮುನ್ನ

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಣ್ಣಿನ ರಸ್ತೆಗಳು ದೇಶದ ರ್‍ಯಾಲಿ ಚಾಲಕರಿಗೆ ಚಿರಪರಿಚಿತ. 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ನಡೆದದ್ದು ಇಲ್ಲೇ. ಆ ಎರಡೂ ವರ್ಷ ಚಾಂಪಿಯನ್ ಆದ ಗೌರವ್ ಗಿಲ್ ಓಡಿಸಿದ್ದು 1.6 ಲೀಟರ್ ಟರ್ಬೊ ಎಂಜಿನ್ನಿನ ಸ್ಕೋಡಾ ಫ್ಯಾಬಿಯಾ ಆರ್‌5. ಸಾಮಾನ್ಯರ ಕೈಗೆಟುಕುವ ಕಾರು ಅದಲ್ಲ. ನಮ್ಮ ಆಟೊಕ್ರಾಸ್ ಮತ್ತು ರ್‍ಯಾಲಿ ಕಣಗಳನ್ನು ದಶಕಗಳ ಕಾಲ ತುಂಬಿದ್ದು ಮಾರುತಿ ಜಿಪ್ಸಿ, ಎಸ್ಟೀಮ್, ಹಳೆ ಬಲೆನೊದಂಥ ಟರ್ಬೊ ಇಲ್ಲದ ಗಾಡಿಗಳು.

ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಯುವಕರು ಇಂಥ ಸ್ಪರ್ಧೆಗೆ ಇಳಿಯಬೇಕೆಂದರೆ ಮೊದಲು ಹುಡುಕುವುದು ಒಂದು ಹಳೆ ಜಿಪ್ಸಿಯನ್ನೇ. 1985ರ ಕೊನೆಯಲ್ಲಿ ಬಂದು, 2019ರ ಹೊತ್ತಿಗೆ ಶೋರೂಂಗಳಿಂದ ಮರೆಯಾದ ಈ ಗಾಡಿಯ ಎಂಪಿಎಫ್‌ಐ ಮಾದರಿಯಲ್ಲಿ ಇರುವುದು 1,298 ಸಿಸಿಯ, 16 ವಾಲ್ವ್‌ಗಳ ಎಂಜಿನ್. ಕಂಪನಿಯ ಲೆಕ್ಕದಲ್ಲಿ ಅದರ ಶಕ್ತಿ 80 ಬಿಎಚ್‌ಪಿ. ಗಾಡಿ ಕೊಂಡ ಮಾರನೇ ದಿನವೇ ಅನೇಕರು ದೊಡ್ಡ ಸೈಲೆನ್ಸರ್, ತೆರೆದ ಏರ್ ಫಿಲ್ಟರ್ ಕೊಳ್ಳಲು ಓಡುತ್ತಾರೆ. ಸದ್ದು ಜೋರಾಗುತ್ತದೆ, ವೇಗ ಇದ್ದಲ್ಲೇ ಇರುತ್ತದೆ. ಇಪ್ಪತ್ತು ವರ್ಷ ದುಡಿದ ಎಂಜಿನ್ ಕಳೆದುಕೊಂಡಿರುವ ಶಕ್ತಿಯನ್ನು ಮೊದಲು ಮರಳಿ ಪಡೆಯಬೇಕು. ಕಡಿಮೆ ದುಡ್ಡಿನಲ್ಲಿ ಸಿಗುವ ದೊಡ್ಡ ಲಾಭ ಅದೇ.

ಇಲ್ಲಿನ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಡೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್, ತರೀಕೆರೆ ಸುಮಾರು 700 ಮೀಟರ್ ಮೇಲಿವೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ 7ರಷ್ಟು ಕಡಿಮೆ. ಟರ್ಬೊ ಇದ್ದರೆ ಆ ಕೊರತೆಯನ್ನು ಒತ್ತಡ ಹಾಕಿ ತುಂಬಿಕೊಳ್ಳುತ್ತದೆ. ಟರ್ಬೊ ಇಲ್ಲದ ಎಂಜಿನ್‌ಗೆ ಸಿಕ್ಕಷ್ಟೇ ಗಾಳಿ. 80 ಬಿಎಚ್‌ಪಿ ಎಂಜಿನ್ ಕಡೂರಿನಲ್ಲಿ 5 ಬಿಎಚ್‌ಪಿಯಷ್ಟನ್ನು ಹೀಗೇ ಕಳೆದುಕೊಂಡಿರುತ್ತದೆ. ಉಳಿದದ್ದರಲ್ಲಿ ಮತ್ತಷ್ಟು ಪೋಲಾಗದಂತೆ ನೋಡಿಕೊಳ್ಳಬೇಕಾದದ್ದು ಇದಕ್ಕೇ.

ಹಂತ 1: ಸ್ಪ್ಯಾನರ್‌ಗಿಂತ ಮೊದಲು ನಿಯಮ ಪುಸ್ತಕ

ದೇಶದ ಮೋಟಾರು ಸ್ಪರ್ಧೆಗಳ ಆಡಳಿತ ಸಂಸ್ಥೆ ಎಫ್‌ಎಂಎಸ್‌ಸಿಐ. ಸ್ಪರ್ಧಿಸಲು ಅದರ ಲೈಸೆನ್ಸ್ ಬೇಕು. ಯಾವ ವಿಭಾಗದಲ್ಲಿ ಏನನ್ನು ಬದಲಿಸಬಹುದು ಎಂಬುದನ್ನು ಆಯಾ ವರ್ಷದ ನಿಯಮವೇ ಹೇಳುತ್ತದೆ. ವಿಭಾಗಗಳನ್ನು ಸಾಮಾನ್ಯವಾಗಿ ಸಿಸಿ ಆಧರಿಸಿ ಮಾಡಿರುತ್ತಾರೆ. ಜಿಪ್ಸಿಯ ಬೋರ್ 74 ಮಿ.ಮೀ., ಸ್ಟ್ರೋಕ್ 75.5 ಮಿ.ಮೀ. ಸವೆದ ಸಿಲಿಂಡರನ್ನು ಅರ್ಧ ಮಿ.ಮೀ. ಹೆಚ್ಚಿಗೆ ಬೋರ್ ಮಾಡಿಸಿದರೆ ಎಂಜಿನ್ 1,316 ಸಿಸಿ ಆಗುತ್ತದೆ. ನಿಮ್ಮ ವಿಭಾಗದ ಮಿತಿ 1,400 ಆಗಿದ್ದರೆ ತೊಂದರೆಯಿಲ್ಲ, 1,300 ಆಗಿದ್ದರೆ ಗಾಡಿಯೇ ಅನರ್ಹ. ಹಾಗಾಗಿ ಬೋರಿಂಗ್ ಅಂಗಡಿಗೆ ಹೋಗುವ ಮೊದಲು ನಿಯಮ ನೋಡಿ.

ಇನ್ನೊಂದು ಎಚ್ಚರಿಕೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ರೇಸ್‌ಗೆ ಸಜ್ಜಾದ ಗಾಡಿಯನ್ನು ಬೆಂಗಳೂರು–ಹೊನ್ನಾವರ ಹೆದ್ದಾರಿಯಲ್ಲಿ ಓಡಿಸಿ ಪರೀಕ್ಷಿಸುವುದು ಬೇಡ. ಟ್ರೈಲರ್‌ನಲ್ಲಿ ಸಾಗಿಸಿ, ಮುಚ್ಚಿದ ಖಾಸಗಿ ಜಾಗದಲ್ಲಷ್ಟೇ ಓಡಿಸಿ. ರೋಲ್ ಕೇಜ್, ಹೆಲ್ಮೆಟ್, ಹಾರ್ನೆಸ್ ಬೆಲ್ಟ್, ಬೆಂಕಿ ನಂದಿಸುವ ಸಿಲಿಂಡರ್ ಇವುಗಳ ಹಣವನ್ನು ಎಂಜಿನ್ ಬಜೆಟ್‌ಗೆ ಸೇರಿಸದೆ ಮೊದಲೇ ತೆಗೆದಿಡಬೇಕು.

ಹಂತ 2: ಕಂಪ್ರೆಷನ್ ಪರೀಕ್ಷೆ

ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ. ಇಂಧನ ಮತ್ತು ಇಗ್ನಿಷನ್ ಸಂಪರ್ಕ ತಪ್ಪಿಸಿ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಪ್ರತಿ ಸಿಲಿಂಡರ್‌ಗೂ ಗೇಜ್ ಹಾಕಿ ಸ್ಟಾರ್ಟರ್ ತಿರುಗಿಸಿ. ನಾಲ್ಕು ಅಂಕಿಗಳನ್ನೂ ಬರೆದಿಡಿ. ಅವುಗಳ ನಡುವಿನ ವ್ಯತ್ಯಾಸ ಶೇ 10 ದಾಟಿದರೆ ಎಂಜಿನ್ ಬಿಚ್ಚಲೇಬೇಕು.

ಅಂಕಿ ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಅಂಕಿ ಏರಿದರೆ ಸವೆದದ್ದು ಪಿಸ್ಟನ್ ರಿಂಗ್ ಇಲ್ಲವೇ ಬೋರ್. ಏರದಿದ್ದರೆ ಸೋರಿಕೆ ಇರುವುದು ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್‌ನಲ್ಲಿ. ಅರ್ಧ ಗಂಟೆಯ ಈ ಕೆಲಸ, ಹಣ ಎಲ್ಲಿಗೆ ಹೋಗಬೇಕೆಂಬುದನ್ನು ನಿರ್ಧರಿಸುತ್ತದೆ. ವಾಲ್ವ್ ಮಾತ್ರ ಸೋರುತ್ತಿದ್ದರೆ ಹೊಸ ಪಿಸ್ಟನ್ ಸೆಟ್ ತರುವ ಅಗತ್ಯವೇ ಇಲ್ಲ.

ಹಂತ 3: ದೂಳಿಗೆ ಬಾಗಿಲು ಹಾಕಿ

ಅಜ್ಜಂಪುರದ ಕರಿಮಣ್ಣು ಒಣಗಿದಾಗ ಹಿಟ್ಟಿನಷ್ಟು ನುಣುಪು. ತರೀಕೆರೆ ಸೀಮೆಯ ಕೆಮ್ಮಣ್ಣಿನ ದೂಳು ಮುಂದಿನ ಗಾಡಿಯ ಹಿಂದೆ ಗೋಡೆಯಂತೆ ಏಳುತ್ತದೆ. 6,000 ಆರ್‌ಪಿಎಂನಲ್ಲಿ ಜಿಪ್ಸಿ ಎಂಜಿನ್ ನಿಮಿಷಕ್ಕೆ ಸುಮಾರು 3,500 ಲೀಟರ್ ಗಾಳಿ ಎಳೆಯುತ್ತದೆ. ಆ ಗಾಳಿಯ ಜೊತೆ ದೂಳು ಒಳಹೊಕ್ಕರೆ ಹೊಸ ರಿಂಗ್‌ಗಳೂ ಒಂದೆರಡು ಸ್ಪರ್ಧೆಗಳಲ್ಲೇ ಸವೆಯುತ್ತವೆ.

ಕಂಪನಿಯ ಫಿಲ್ಟರ್ ಡಬ್ಬಿಯನ್ನೇ ಉಳಿಸಿಕೊಳ್ಳಿ. ಹೊಸ ಪೇಪರ್ ಫಿಲ್ಟರ್ ಹಾಕಿ, ಅದರ ಮುಂದೆ ಎಣ್ಣೆ ಹಚ್ಚಿ ಹಿಂಡಿದ ಫೋಮ್ ಪದರ ಕೂರಿಸಿ. ಡಬ್ಬಿಯ ಅಂಚಿಗೆ ತೆಳುವಾಗಿ ಗ್ರೀಸ್ ಹಚ್ಚಿ, ಹೋಸ್‌ಗಳ ಕ್ಲಿಪ್ ಬಿಗಿ ಮಾಡಿ. ಕೆಲಸ ಸರಿಯಾಗಿದೆಯೇ ಎಂದು ತಿಳಿಯುವುದು ಸುಲಭ. ಪ್ರತಿ ಓಟದ ನಂತರ ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗುವ ಹೋಸ್ ಬಿಚ್ಚಿ, ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಪು ಅಥವಾ ಬೂದು ಪುಡಿ ಅಂಟಿದರೆ ಎಲ್ಲೋ ಸೀಳಿದೆ ಎಂದರ್ಥ. ಅದನ್ನು ಹುಡುಕಿ ಸರಿಪಡಿಸದೆ ಮುಂದಿನ ಓಟಕ್ಕೆ ಇಳಿಯಬಾರದು.

ಗಾಳಿ ತಣ್ಣಗಿರುವುದೂ ಅಷ್ಟೇ ಮುಖ್ಯ. ಒಳಹೋಗುವ ಗಾಳಿ 3 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ 1ರಷ್ಟು ಇಳಿಯುತ್ತದೆ. ಹೊರಗೆ 36 ಡಿಗ್ರಿ ಇರುವ ದಿನ ಬಾನೆಟ್ ಒಳಗೆ 60 ಡಿಗ್ರಿ ಇದ್ದರೆ, ತೆರೆದ ಫಿಲ್ಟರ್ ಹಾಕಿದವರು ಶೇ 7ರಿಂದ 8ರಷ್ಟು ಗಾಳಿಯನ್ನು ಕಳೆದುಕೊಂಡಂತೆ. ಕಡೂರಿನ ಎತ್ತರ ಕಸಿದುಕೊಳ್ಳುವಷ್ಟೇ ನಷ್ಟ ಇದು. ಬಾನೆಟ್‌ನ ಹಿಂಭಾಗದ ಎತ್ತರದ ಜಾಗದಿಂದ ಹೊರಗಿನ ಗಾಳಿ ತರುವ ಒಂದು ಕೊಳವೆ ಸಾಕು, ಖರ್ಚೂ ಅಲ್ಪ.

ಹಂತ 4: ಬಿಸಿ ಮತ್ತು ಆಯಿಲ್

ಮಣ್ಣಿನ ಟ್ರ್ಯಾಕ್‌ನಲ್ಲಿ ಗಾಡಿ ಅಡ್ಡಡ್ಡ ಜಾರುತ್ತ ತಿರುಗುತ್ತದೆ. ಆಗ ಸಂಪ್‌ನಲ್ಲಿರುವ ಆಯಿಲ್ ಒಂದು ಬದಿಗೆ ಸರಿದು, ಪಂಪ್ ಗಾಳಿ ಹೀರತೊಡಗುತ್ತದೆ. ಕ್ಷಣಮಾತ್ರದ ಈ ಕೊರತೆಗೆ ಬೇರಿಂಗ್ ಸುಡುತ್ತದೆ. ಆಯಿಲ್ ಸದಾ ಮೇಲಿನ ಗುರುತಿನಷ್ಟು ಇರಲಿ. ಸಂಪ್ ಬಿಚ್ಚಿದಾಗ ಆಯಿಲ್ ಹೊಯ್ದಾಡದಂತೆ ತಡೆಯುವ ತಗಡಿನ ಅಡ್ಡಗೋಡೆಗಳನ್ನು ವೆಲ್ಡ್ ಮಾಡಿಸಿ. ಎಚ್ಚರಿಕೆ ದೀಪವನ್ನಷ್ಟೇ ನಂಬದೆ ಆಯಿಲ್ ಪ್ರೆಷರ್ ಗೇಜ್ ಹಾಕಿಸಿ.

ರೇಡಿಯೇಟರ್‌ನ ರೆಕ್ಕೆಗಳ ನಡುವೆ ಕೆಸರು ಕೂತರೆ ಎಂಜಿನ್ ಕುದಿಯುತ್ತದೆ. ಹಿಂದಿನಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಿರಿ. ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಹಳೆ ಪದ್ಧತಿ ಬೇಡ. ಅದು ಒಳ್ಳೆಯದಿದೆಯೇ ಎಂದು ಬಿಸಿನೀರಿನಲ್ಲಿ ಪರೀಕ್ಷಿಸಿ ಮತ್ತೆ ಹಾಕಿ. ಬೋರ್‌ವೆಲ್ ನೀರು ತುಂಬುವ ಬದಲು ಕೂಲಂಟ್ ಬಳಸಿ, ಇಲ್ಲವಾದರೆ ಅಲ್ಯೂಮಿನಿಯಂ ಹೆಡ್ ಒಳಗಿನಿಂದ ತಿನ್ನಿಹೋಗುತ್ತದೆ.

ಹಂತ 5: ಹೆಡ್ ಕೆಲಸ

ದುಡ್ಡಿಗೆ ತಕ್ಕ ಶಕ್ತಿ ಸಿಗುವ ಜಾಗ ಇದು. ವಾಲ್ವ್‌ಗಳನ್ನು ಲ್ಯಾಪ್ ಮಾಡಿಸಿ, ಸೀಟುಗಳನ್ನು ಮೂರು ಕೋನಗಳಲ್ಲಿ ಕತ್ತರಿಸಿ, ಹೊಸ ವಾಲ್ವ್ ಸೀಲ್ ಹಾಕಿಸಿ. ಮ್ಯಾನಿಫೋಲ್ಡ್, ಗ್ಯಾಸ್ಕೆಟ್ ಮತ್ತು ಹೆಡ್‌ನ ಪೋರ್ಟ್‌ಗಳು ಒಂದಕ್ಕೊಂದು ಸರಿಯಾಗಿ ಕೂಡುವಂತೆ ಅಂಚುಗಳನ್ನು ಸಮ ಮಾಡಿದರೆ ಸಾಕು. ಪೋರ್ಟ್‌ಗಳನ್ನು ದೊಡ್ಡದು ಮಾಡಿದರೆ ಗಾಳಿಯ ವೇಗ ಕುಸಿದು, ತಿರುವಿನಿಂದ ಹೊರಬರುವಾಗ ಬೇಕಾದ ಪಿಕಪ್ ಹೋಗುತ್ತದೆ.

ಹೆಡ್‌ನ ತಳಕ್ಕೆ ಉಕ್ಕಿನ ನೇರ ಅಂಚು ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ. 0.05 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ ಹೆಡ್ ಫೇಸಿಂಗ್ ಬೇಕು. ನಿಯಮ ಒಪ್ಪಿದರೆ ಇದೇ ಹೊತ್ತಿನಲ್ಲಿ ಕಂಪ್ರೆಷನ್ ಅನುಪಾತವನ್ನು ತುಸು ಏರಿಸಬಹುದು. 9.5 ಅನುಪಾತವಿರುವ 1,298 ಸಿಸಿ ಎಂಜಿನ್ನಿನ ಪ್ರತಿ ಸಿಲಿಂಡರ್‌ಗೆ ಸುಮಾರು 38 ಸಿಸಿ ಚೇಂಬರ್ ಇರುತ್ತದೆ. ಅರ್ಧ ಮಿ.ಮೀ. ಫೇಸಿಂಗ್ ಮಾಡಿದರೆ ಹೆಚ್ಚೆಂದರೆ 2 ಸಿಸಿ ತಗ್ಗಿ, ಅನುಪಾತ 10ರ ಹತ್ತಿರ ಬರುತ್ತದೆ. ಅದಕ್ಕಿಂತ ಮುಂದೆ ಹೋಗುವ ಆಸೆ ಬೇಡ.

ಫೇಸಿಂಗ್ ಆದ ಮೇಲೆ ವಾಲ್ವ್ ಪಿಸ್ಟನ್‌ಗೆ ತಾಗುತ್ತದೆಯೇ ಎಂದು ನೋಡುವ ಕೆಲಸವನ್ನು ತಪ್ಪಿಸುವಂತಿಲ್ಲ. ಮಕ್ಕಳು ಆಡುವ ಕ್ಲೇಯ ಚಿಕ್ಕ ಉಂಡೆಗಳನ್ನು ಪಿಸ್ಟನ್ ತಲೆಯ ಮೇಲೆ, ವಾಲ್ವ್ ಬಂದು ಕೂರುವ ಜಾಗದಲ್ಲಿ ಇಡಿ. ಅಂಟದಿರಲು ವಾಲ್ವ್‌ಗಳಿಗೆ ಎಣ್ಣೆ ಸವರಿ. ಹಳೆ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿದು, ಟೈಮಿಂಗ್ ಬೆಲ್ಟ್ ಹಾಕಿ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ತಡೆದಂತಾದರೆ ಒತ್ತಾಯ ಮಾಡಬೇಡಿ. ಮತ್ತೆ ಬಿಚ್ಚಿ, ಒತ್ತಿ ಚಪ್ಪಟೆಯಾದ ಕ್ಲೇಯನ್ನು ಬ್ಲೇಡಿನಿಂದ ಕತ್ತರಿಸಿ, ಅತಿ ತೆಳುವಾದ ಜಾಗವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಒಂದೂವರೆಯಿಂದ ಎರಡು ಮಿ.ಮೀ. ಇದ್ದರೆ ನೆಮ್ಮದಿ. ಹೆಡ್ ತಗ್ಗಿದಾಗ ಕ್ಯಾಮ್ ಟೈಮಿಂಗ್ ಸಹ ತುಸು ಹಿಂದೆ ಬೀಳುವುದರಿಂದ ಅದನ್ನೂ ಸರಿಹೊಂದಿಸಬೇಕಾದೀತು.

ಇಂಥ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕಿಲ್ಲ. ತರೀಕೆರೆಯಿಂದ ಭದ್ರಾವತಿ, ಶಿವಮೊಗ್ಗ ಹತ್ತಿರ. ಕಬ್ಬಿಣದ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಭದ್ರಾವತಿಯಲ್ಲಿ ಲೇತ್ ಕೆಲಸ ಬಲ್ಲ ಕೈಗಳಿವೆ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಎರಕ ಮತ್ತು ಮಷೀನಿಂಗ್ ಘಟಕಗಳಿವೆ. ಶಿವಮೊಗ್ಗದ ಆಟೊ ಕಾಂಪ್ಲೆಕ್ಸ್‌ನಲ್ಲಿ ವಿಚಾರಿಸಿ, ಇಲ್ಲಿ ಸಿಗದ ಬಿಡಿಭಾಗಗಳನ್ನಷ್ಟೇ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿಕೊಳ್ಳಬಹುದು.

ಹಂತ 6: ಪೆಟ್ರೋಲ್, ಕಿಡಿ, ಹೊಗೆ

ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್. ಶುದ್ಧ ಪೆಟ್ರೋಲ್‌ನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ, ಇ20ಗೆ ಸುಮಾರು 13.5 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಹಳೆ ಕಾರ್ಬ್ಯುರೇಟರ್ ಎಂಜಿನ್‌ಗಳಲ್ಲಿ ಜೆಟ್ ಬದಲಿಸದಿದ್ದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಅತಿಯಾಗಿ ಬಿಸಿಯಾಗುತ್ತದೆ. ಹಳೆ ರಬ್ಬರ್ ಹೋಸ್ ಮತ್ತು ಸೀಲ್‌ಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಿಸಿ.

ಟೈಮಿಂಗ್ ಲೈಟ್ ಹಿಡಿದೇ ಇಗ್ನಿಷನ್ ಹೊಂದಿಸಬೇಕು, ಕಿವಿಯ ಅಂದಾಜಿನಲ್ಲಲ್ಲ. ನಾಕಿಂಗ್ ಕೇಳಿದರೆ ಒಡನೆ ಹಿಂದಕ್ಕೆ ತನ್ನಿ. ಎಕ್ಸಾಸ್ಟ್‌ಗೆ 4–2–1 ಮಾದರಿಯ ಹೆಡರ್ ಮಾಡಿಸಿದರೆ ಮಧ್ಯದ ಆರ್‌ಪಿಎಂನಲ್ಲಿ ಎಳೆತ ಹೆಚ್ಚುತ್ತದೆ. 1.3 ಲೀಟರ್ ಎಂಜಿನ್‌ಗೆ 45ರಿಂದ 50 ಮಿ.ಮೀ. ಪೈಪ್ ಧಾರಾಳ. ಇಷ್ಟೆಲ್ಲ ಆದ ಮೇಲೆ ಒಂದು ದಿನಕ್ಕೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಬಾಡಿಗೆಗೋ ಕೈಕಡವಾಗಿಯೋ ತಂದು ಮಿಶ್ರಣ ಅಳೆಯಿರಿ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ಪೆಟ್ರೋಲ್ ಅಳತೆಗೆ ಹೊಂದಿಸಿದ ಮೀಟರ್ 12.5ರಿಂದ 13ರ ನಡುವೆ ತೋರಿಸಬೇಕು.

ಹಂತ 7: ತೂಕ ಇಳಿಸಿ

ಜಿಪ್ಸಿಯ ತೂಕ 985 ಕೆ.ಜಿ. ನಿಯಮ ಬಿಟ್ಟಷ್ಟು ಹಿಂದಿನ ಸೀಟು, ಕಾರ್ಪೆಟ್, ಬಳಸದ ಬ್ರಾಕೆಟ್‌ಗಳನ್ನು ತೆಗೆದು 50 ಕೆ.ಜಿ. ಇಳಿಸಿದರೆ, ಕೆ.ಜಿ.ಗೆ ಸಿಗುವ ಶಕ್ತಿಯ ಲೆಕ್ಕದಲ್ಲಿ ಅದು 4 ಬಿಎಚ್‌ಪಿ ಹೆಚ್ಚಿಸಿದ್ದಕ್ಕೆ ಸಮ. ಇದಕ್ಕೆ ಬೇಕಾದದ್ದು ಒಂದು ಭಾನುವಾರ ಮತ್ತು ಒಂದು ಸ್ಪ್ಯಾನರ್ ಸೆಟ್. ತೆಗೆದ ತೂಕದಲ್ಲಿ ಒಂದಷ್ಟನ್ನು ರೋಲ್ ಕೇಜ್ ಮರಳಿ ತರುತ್ತದೆ. ಅದರಲ್ಲಿ ಮಾತ್ರ ಉಳಿತಾಯ ಮಾಡುವಂತಿಲ್ಲ.

ಹಣ ಹಂಚುವ ಬಗೆ

ಎಂಜಿನ್‌ಗೆಂದು 1 ಲಕ್ಷ ರೂಪಾಯಿ ತೆಗೆದಿಟ್ಟವರು ಅದರಲ್ಲಿ ಅರ್ಧವನ್ನು ರಿಂಗ್, ಬೇರಿಂಗ್, ಹೆಡ್ ಕೆಲಸ, ಟೈಮಿಂಗ್ ಬೆಲ್ಟ್, ವಾಟರ್ ಪಂಪ್‌ಗಳಿಗೆ ಮೀಸಲಿಡುವುದು ಒಳ್ಳೆಯದು. 20 ಸಾವಿರ ಫಿಲ್ಟರ್, ಆಯಿಲ್, ಕೂಲಿಂಗ್‌ಗೆ ಹೋಗಲಿ. ಎಕ್ಸಾಸ್ಟ್ ಮತ್ತು ಟ್ಯೂನಿಂಗ್‌ಗೆ 20 ಸಾವಿರ. ಉಳಿದ 10 ಸಾವಿರವನ್ನು ಮೊದಲ ಸ್ಪರ್ಧೆ ಮುಗಿಯುವವರೆಗೂ ಮುಟ್ಟಬೇಡಿ. ದುಬಾರಿ ಕ್ಯಾಮ್‌ಶಾಫ್ಟ್ ಈ ಪಟ್ಟಿಯಲ್ಲಿಲ್ಲ. ಆರ್‌ಪಿಎಂ ಏರಿದ ಮೇಲೆ ಶಕ್ತಿ ಕೊಡುವ ಕ್ಯಾಮ್‌ಗೆ ಗಟ್ಟಿ ಸ್ಪ್ರಿಂಗ್, ಹೊಸ ಇಸಿಯು ಟ್ಯೂನಿಂಗ್ ಎಲ್ಲವೂ ಬೇಕಾಗಿ ಬಜೆಟ್ ದುಪ್ಪಟ್ಟಾಗುತ್ತದೆ.

ಓಟ ಮುಗಿದ ಮೇಲೆ

ಗಾಡಿ ಶೆಡ್‌ಗೆ ಬಂದ ದಿನವೇ ಆಯಿಲ್ ಬದಲಿಸಿ. ಹಳೆ ಆಯಿಲನ್ನು ಬಿಳಿ ಟ್ರೇಗೆ ಸುರಿದು ಲೋಹದ ಹೊಳಪು ಇದೆಯೇ ನೋಡಿ. ಫೋಮ್ ತೊಳೆದು ಹೊಸದಾಗಿ ಎಣ್ಣೆ ಹಚ್ಚಿ. ಮುಂದಿನ ಸ್ಪರ್ಧೆಗೆ ತಿಂಗಳುಗಳಿದ್ದರೆ ಟ್ಯಾಂಕ್ ಖಾಲಿ ಮಾಡಿಡಿ, ಏಕೆಂದರೆ ನಿಂತ ಇ20 ಗಾಳಿಯ ತೇವ ಹೀರಿ ತಳದಲ್ಲಿ ನೀರು ಬಿಡುತ್ತದೆ. ಕೊನೆಗೆ ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಮತ್ತೆ ಅಳೆದು, ತಾರೀಕು ಹಾಕಿ ಹಿಂದಿನ ಅಂಕಿಗಳ ಪಕ್ಕದಲ್ಲೇ ಬರೆಯಿರಿ. ನಾಲ್ಕೂ ಒಟ್ಟಿಗೆ ಇಳಿಯುತ್ತಿದ್ದರೆ ಫಿಲ್ಟರ್ ದಾಟಿ ದೂಳು ಬರುತ್ತಿದೆಯೇ ಎಂದು ಮೊದಲು ನೋಡಿ. ಒಂದೇ ಸಿಲಿಂಡರ್ ಇಳಿದಿದ್ದರೆ ಪ್ರವೇಶ ಶುಲ್ಕ ಕಟ್ಟುವ ಮೊದಲೇ ಹೆಡ್ ಬಿಚ್ಚಿಸಿ.