ಅರ್ಧದಲ್ಲಿ ಕೈಗೆ ಬಂದ ಪಾಠ

ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯನ್ನು ಮುಗಿಸುವ ಕೆಲಸ ಬೇರೊಬ್ಬ ನೇಕಾರನ ಪಾಲಿಗೆ ಬಂದಿತೆನ್ನೋಣ. ಅವನು ಬಂದೊಡನೆಯೇ ಲಾಳಿಯನ್ನು ಓಡಿಸುವುದಿಲ್ಲ. ಹಾಸಿನ ಎಳೆಗಳನ್ನು ಮುಟ್ಟಿ ನೋಡುತ್ತಾನೆ. ಅಂಚಿನ ಚಿತ್ತಾರ ಎಲ್ಲಿಗೆ ನಿಂತಿದೆಯೆಂದು ಎಣಿಸುತ್ತಾನೆ. ಗಣಕಯಂತ್ರದ ಮೂಲಕ ಕಲಿಸುವ ಪಾಠಗಳನ್ನು, ಎಂದರೆ ಇ-ಕಲಿಕೆಯ ಪಾಠಗಳನ್ನು, ಸಿದ್ಧಪಡಿಸುವ ಕೆಲಸಕ್ಕೆ ನಡುವೆ ಬಂದು ಸೇರುವವರಿಗೂ ಈ ಎಚ್ಚರ ಅವಶ್ಯವಾದುದು. ಏಕೆಂಬುದನ್ನು ವಿಚಾರ ಮಾಡೋಣ.

ಇಂತಹ ಪಾಠಗಳು ಹೊಸವಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿಯೇ ಪ್ಲೇಟೋ ಎಂಬ ವ್ಯವಸ್ಥೆ ಆರಂಭವಾಯಿತು. ಅದೇ ದಶಕದಲ್ಲಿ ಅದಕ್ಕಾಗಿ ರಚಿತವಾದ ಟ್ಯೂಟರ್ ಎಂಬ ಭಾಷೆಯಿಂದ ಅಧ್ಯಾಪಕರೂ ಪಾಠಗಳನ್ನು ಬರೆಯುವಂತಾಯಿತು. ಇಂದು ಸ್ಟೋರಿಲೈನ್, ಕ್ಯಾಪ್ಟಿವೇಟ್, ಎಚ್‌5ಪಿ ಮೊದಲಾದ ಉಪಕರಣಗಳಿವೆ. ಲೋಲಕವನ್ನು ಕುರಿತ ಪಾಠವೊಂದನ್ನು ಊಹಿಸಿಕೊಳ್ಳಿ. ವಿದ್ಯಾರ್ಥಿ ದಾರದ ಉದ್ದವನ್ನು ಬದಲಿಸಿದರೆ ತೂಗಾಟದ ಅವಧಿ ಬದಲಾಗಬೇಕು. ಗುಂಡಿನ ತೂಕವನ್ನು ಬದಲಿಸಿದರೆ ಬದಲಾಗಕೂಡದು. ಈ ನಡತೆಯನ್ನು ಬೀಜಗಣಿತದ ಚರಾಕ್ಷರಗಳಂತಹ ಹೆಸರುಗಳಿಂದಲೂ ಆಜ್ಞೆಗಳಿಂದಲೂ ಹೆಣೆದಿರುತ್ತಾರೆ. ಪರದೆಯ ಮೇಲೆ ಕಾಣುವುದು ಲೋಲಕ ಮಾತ್ರ, ಹೆಣಿಗೆ ಕಾಣುವುದಿಲ್ಲ.

ಹೆಣಿಗೆ ಇರುವುದು ಮೂಲ ಕಡತದಲ್ಲಿ. ವಿದ್ಯಾರ್ಥಿಗಳಿಗೆ ತಲಪುವುದು ಅದರಿಂದ ಹೊರಡಿಸಿದ ಪ್ರಕಟಿತ ರೂಪ. ರಾಗಿಯನ್ನು ಬೀಸಿದರೆ ಹಿಟ್ಟಾಗುತ್ತದೆ. ಹಿಟ್ಟಿನಿಂದ ರಾಗಿಯನ್ನು ಮರಳಿ ಪಡೆಯಲಾದೀತೆ? ಫ್ಲ್ಯಾಶ್ ಎಂಬ ತಂತ್ರಾಂಶದ ಕಥೆ ಇದಕ್ಕೆ ನಿದರ್ಶನ. ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ರಂದು ಅದರ ಪೋಷಣೆಯನ್ನು ನಿಲ್ಲಿಸಿತು. ಅದನ್ನು ನಂಬಿ ರಚಿಸಿದ ಪಾಠಗಳ ಮೂಲ ಕಡತಗಳನ್ನು ಕಾಯ್ದಿಟ್ಟವರು ಚಿತ್ರಗಳನ್ನೂ ಧ್ವನಿಯನ್ನೂ ಹೊರತೆಗೆದು ಹೊಸ ಉಪಕರಣಕ್ಕೆ ಸಾಗಿಸಬಹುದಾಗಿತ್ತು. ಪ್ರಕಟಿತ ರೂಪ ಮಾತ್ರ ಉಳಿದಿದ್ದವರ ಪಾಡು ಬಹು ಕಷ್ಟಕ್ಕಿಟ್ಟಿತು.

ಇನ್ನೊಂದು ಗುಟ್ಟು ಪಾಠದ ನೆನಪಿಗೆ ಸಂಬಂಧಿಸಿದುದು. ವಿದ್ಯಾರ್ಥಿ ಎಲ್ಲಿಗೆ ನಿಲ್ಲಿಸಿದ, ಯಾವ ಪ್ರಶ್ನೆಗೆ ಏನು ಉತ್ತರವಿತ್ತ ಎಂಬುದನ್ನು ಪಾಠವು ಬರೆದಿಡಬೇಕಷ್ಟೆ. 2001ರಲ್ಲಿ ಹೊರಬಂದು ಇಂದಿಗೂ ಬಳಕೆಯಲ್ಲಿರುವ ಸ್ಕಾರ್ಮ್ 1.2 ಎಂಬ ನಿಯಮಾವಳಿ ಇದಕ್ಕಾಗಿ ಗೊತ್ತುಮಾಡಿದ ಸ್ಥಳ 4096 ಅಕ್ಷರಗಳು. ಇಷ್ಟರಲ್ಲಿ ಎಲ್ಲವೂ ಸಂಕ್ಷಿಪ್ತ ಸಂಕೇತಗಳಲ್ಲಿ ಅಡಗಿರುತ್ತದೆ. ತರಗತಿ ನಡೆಯುತ್ತಿರುವಾಗ ಹೊಸಬರೊಬ್ಬರು ನಡುವೆ ಒಂದು ಪುಟವನ್ನು ಸೇರಿಸಿ ಪಾಠವನ್ನು ಮತ್ತೆ ಪ್ರಕಟಿಸಿದರೆನ್ನಿ. ಹಳೆಯ ಸಂಕೇತವನ್ನು ಹೊಸ ಪಾಠ ತಪ್ಪಾಗಿ ಓದಬಹುದು. ರಾತ್ರಿಯೆಲ್ಲ ಕುಳಿತು ಎಂಟು ಪ್ರಶ್ನೆಗಳನ್ನು ಬಿಡಿಸಿದ್ದ ವಿದ್ಯಾರ್ಥಿ ಬೆಳಗ್ಗೆ ತೆರೆದು ನೋಡಿದರೆ ಮತ್ತೆ ಮೊದಲನೆಯ ಪುಟ! ಸೇರಿಸಿದ ಪುಟದಲ್ಲಿ ಯಾವ ತಪ್ಪೂ ಇಲ್ಲ. ನಷ್ಟ ಮಾತ್ರ ಆ ವಿದ್ಯಾರ್ಥಿಯದು.

ಹಾಗಾದರೆ ಹೊಸಬರು ಅನುಭವಿಗಳನ್ನು ಕೇಳಿ ತಿಳಿಯಬಾರದೆ? ಅವಶ್ಯವಾಗಿ ಕೇಳಬೇಕು. ಆದರೆ ಅದಕ್ಕೂ ಬೆಲೆಯುಂಟು. ಐ.ಬಿ.ಎಂ. ಸಂಸ್ಥೆಯ ಒಎಸ್/360 ಎಂಬ ಬೃಹತ್ ತಂತ್ರಾಂಶದ ನಿರ್ಮಾಣವನ್ನು ನಿರ್ವಹಿಸಿದ ಫ್ರೆಡರಿಕ್ ಬ್ರೂಕ್ಸ್ ಅವರು 1975ರ ತಮ್ಮ ಗ್ರಂಥದಲ್ಲಿ ಈ ಲೆಕ್ಕವನ್ನು ವಿವರಿಸಿದರು. ನಾಲ್ವರು ಪರಸ್ಪರ ಮಾತನಾಡಿಕೊಳ್ಳಲು 6 ಜೋಡಿಗಳು, ಐವರಾದರೆ 10, ಹತ್ತು ಮಂದಿಯಾದರೆ 45. ಹೊಸಬರಿಗೆ ಕಲಿಸುವಷ್ಟು ಹೊತ್ತು ಬಲ್ಲವರ ಕೆಲಸವೂ ನಿಲ್ಲುತ್ತದೆ. ಆದುದರಿಂದಲೇ ತಡವಾಗಿರುವ ಕಾರ್ಯಕ್ಕೆ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆಂದು ಅವರು ತೀರ್ಮಾನಿಸಿದರು.

ಹೀಗಿರಲು ನಡುವೆ ಸೇರಿದವರು ಮಾಡಬೇಕಾದುದೇನು? ಮೊದಲು ಇಡೀ ಪಾಠವನ್ನು ವಿದ್ಯಾರ್ಥಿಯಾಗಿ ಓದಬೇಕು. ಬೇಕೆಂದೇ ತಪ್ಪು ಉತ್ತರಗಳನ್ನೂ ಕೊಟ್ಟು ನೋಡಬೇಕು. ಎರಡನೆಯದಾಗಿ, ಮೂಲ ಕಡತ, ಚಿತ್ರ, ಧ್ವನಿ, ಅಕ್ಷರಶೈಲಿಗಳನ್ನು ಕೇಳಿ ಪಡೆದು, ಉಪಕರಣದ ಯಾವ ಆವೃತ್ತಿಯಲ್ಲಿ ಪಾಠ ಸಿದ್ಧವಾಯಿತೆಂಬುದನ್ನು ತಿಳಿಯಬೇಕು. ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತವು ಹಳೆಯದರಲ್ಲಿ ತೆರೆಯದೆ ಹೋಗುವುದುಂಟು. ಮೂರನೆಯದಾಗಿ, ಪ್ರತಿಯೊಂದರ ಮೇಲೆ ಒಂದೇ ಒಂದು ಸಣ್ಣ ಬದಲಾವಣೆ ಮಾಡಿ, ಮೂಡಲ್‌ನಂತಹ ಕಲಿಕಾ ವ್ಯವಸ್ಥೆಯಲ್ಲಿ ಪರೀಕ್ಷಿಸಬೇಕು. ಅರ್ಧ ಓದಿ ನಿಲ್ಲಿಸಿದ ವಿದ್ಯಾರ್ಥಿಗೆ ಏನಾಗುವುದೆಂಬುದನ್ನು ಅಲ್ಲಿ ನೋಡಲೇಬೇಕು. ಕೊನೆಯದಾಗಿ, ಮಾಡಿದುದನ್ನು ದಿನಾಂಕದೊಡನೆ ಬರೆದಿಡಬೇಕು.

ಬರೆದಿಡುವುದು ಬೇಸರದ ಕೆಲಸವೆಂದು ನಮಗೆ ತೋರಬಹುದು. ಆದರೆ ಚರಾಕ್ಷರಕ್ಕೆ ‘ಕ1’ ಎಂದಿಡುವ ಬದಲು ‘ದಾರದ ಉದ್ದ’ ಎಂದು ಹೆಸರಿಟ್ಟರೂ ಮುಂದೆ ಬರುವವರ ಒಂದು ದಿನ ಉಳಿದೀತು. ಇಂದು ನಡುವೆ ಬಂದ ನಾವು ನಾಳೆ ನಡುವೆಯೇ ಎದ್ದುಹೋಗುವವರು. ಮಗ್ಗ ಮಾತ್ರ ನಿಲ್ಲಬಾರದು.