ಉಣಗೋಲು ದಾಟುವ ಹಕ್ಕು ಎಷ್ಟು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ತೋಟ ಕಣಿವೆಯಲ್ಲಿ, ರಸ್ತೆ ಗುಡ್ಡದ ಮೇಲೆ. ಒಬ್ಬರ ತೋಟಕ್ಕೆ ಇಳಿಯಲು ಇನ್ನೊಬ್ಬರ ಬೇಣ ದಾಟಲೇಬೇಕಾಗುವುದು ಸಾಮಾನ್ಯ. ಪಾಲಾಗಿ, ಮಾರಾಟವಾಗಿ, ಬೇಲಿ ಬಂದ ಮೇಲೆ ತಕರಾರು ಶುರು.

ಹೀಗಿಟ್ಟುಕೊಳ್ಳಿ. ಕೆಳಗಿನ ತೋಟದವರು 40 ವರ್ಷದಿಂದ ಮೇಲಿನವರ ಬೇಣದಲ್ಲಿ ಉಣಗೋಲು ದಾಟಿ ಅಡಿಕೆ ಹೊತ್ತು ತರುತ್ತಿದ್ದರು. ಈಗ ಹೊರುವ ಆಳಿಲ್ಲ. ಜೆಸಿಬಿ ತಂದು ದರೆ ಕಡಿದು ಪಿಕಪ್ ಇಳಿಸಿದರು. ಸಿಟ್ಟಿಗೆದ್ದ ಮೇಲಿನವರು ಅಗಳು ಹೊಡೆಸಿ, ನಡೆದು ಹೋಗುವವರೂ ದಾಟದ ಹಾಗೆ ಮಾಡಿದರು. ಕೊನೆ ತೆಗೆದ ಅಡಿಕೆ ತೋಟದಲ್ಲೇ ಬಿತ್ತು. ಯಾರದು ಸರಿ? ನನ್ನ ಪ್ರಕಾರ ಇಬ್ಬರದೂ ತಪ್ಪು.

1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಂ ಪ್ರಕಾರ, ಬೇರೆಯವರ ಜಾಗದಲ್ಲಿ 20 ವರ್ಷ ಬಹಿರಂಗವಾಗಿ, ತಂಟೆಯಿಲ್ಲದೆ, ತಡೆಯಿಲ್ಲದೆ, ಹಕ್ಕೆಂದೇ ದಾಟಿದ್ದರೆ ದಾರಿಯ ಹಕ್ಕು ಸಿಗುತ್ತದೆ. ಸರ್ಕಾರಿ ಜಾಗವಾದರೆ 30 ವರ್ಷ. 'ಹಕ್ಕೆಂದೇ' ಎಂಬಲ್ಲೇ ತೊಡಕು. 'ಸ್ವಲ್ಪ ದಾಟ್ಕೊಳ್ಲಾ ಮಾರಾಯ್ರೇ?' ಎಂದು ಪ್ರತಿ ಸಲ ಕೇಳಿ ದಾಟಿದ್ದು ಬರೀ ಅನುಮತಿ. ಎಷ್ಟು ವರ್ಷವಾದರೂ ಹಕ್ಕಾಗದು. ಇನ್ನು 28ನೇ ಕಲಂ: ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರುವುದಿಲ್ಲ. ಕಾಲುದಾರಿ ಎಂದರೆ ಕಾಲುದಾರಿಯೇ. ಪಿಕಪ್ ಇಳಿಸುವ ಹಕ್ಕು ಕೆಳಗಿನವರಿಗಿಲ್ಲ, ಕಾಲುದಾರಿ ಮುಚ್ಚುವ ಹಕ್ಕು ಮೇಲಿನವರಿಗಿಲ್ಲ.

ಅಣ್ಣತಮ್ಮಂದಿರ ಪಾಲಿನಲ್ಲಿ ದಾರಿಯೇ ಇಲ್ಲದ ತುಂಡು ಬಂದರೆ 20 ವರ್ಷ ಕಾಯಬೇಕಿಲ್ಲ. 13ನೇ ಕಲಮಿನಲ್ಲಿ 'ಅನಿವಾರ್ಯದ ದಾರಿ' ಸಿಗುತ್ತದೆ. ಆದರೆ ಬೇರೆ ದಾರಿ ಆದ ದಿನ ಅದು ಮುಗಿಯಿತು. ಪಾಲುಪಟ್ಟಿಯಲ್ಲಿ ಬರೆಸಿಕೊಂಡ ದಾರಿ ಹಾಗೆ ಹೋಗುವುದಿಲ್ಲ. ಪಾಲಿನ ದಿನ ಪಾತ್ರೆ ಪಗಡಿ ಲೆಕ್ಕ ಹಾಕುವ ನಾವು ದಾರಿ ಬರೆಸುವುದನ್ನೇ ಮರೆಯುತ್ತೇವೆ!

'ಬಹಳ ವರ್ಷದಿಂದ ಓಡಾಡ್ತಿದ್ದೇವೆ' ಎಂದರೆ ಕೋರ್ಟಿನಲ್ಲಿ ನಡೆಯದು. ಮಹಾರಾಷ್ಟ್ರದ ರಸ್ತೆಯೊಂದರ ವ್ಯಾಜ್ಯದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟ್ ಇಂಥ ಮಾತನ್ನು ಒಪ್ಪಲಿಲ್ಲ. 20 ವರ್ಷಕ್ಕೆ ಮೀರಿದ ಬಳಕೆಯನ್ನು ಸ್ಪಷ್ಟವಾಗಿ ಹೇಳಿ ರುಜುವಾತು ಮಾಡಬೇಕು. ಹಳೆಯ ಕೊನೆಕಾರರು, ಗ್ರಾಮನಕ್ಷೆ, ಫೋಟೋ ಇವೆಲ್ಲ ಬೇಕಾಗುತ್ತವೆ. ದಾರಿ ಮುಚ್ಚಿದ್ದು ತಿಳಿದೂ ಒಂದು ವರ್ಷ ಸುಮ್ಮನೆ ಕೂತರೆ 20 ವರ್ಷದ ಲೆಕ್ಕವೇ ತುಂಡಾಗುತ್ತದೆ. ಅಗಳು ಕಂಡ ವಾರದಲ್ಲೇ ಬರಹದಲ್ಲಿ ಆಕ್ಷೇಪಿಸಿ. ಬಗೆಹರಿಯದಿದ್ದರೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಿ.

ಪಿಕಪ್ ಬೇಕೇ ಬೇಕೆಂದರೆ? ಹಣ ಕೊಟ್ಟಾದರೂ ಮೇಲಿನವರಿಂದ ಬರೆಸಿಕೊಳ್ಳಿ. ಎಷ್ಟು ಅಡಿ ಅಗಲ, ಎಲ್ಲಿಂದ ಎಲ್ಲಿಗೆ, ಯಾವ ವಾಹನ ಎಂದು ನಕ್ಷೆ ಸಮೇತ ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಮಳೆಗಾಲದಲ್ಲಿ ಕೊಚ್ಚಿಹೋದ ದಾರಿಯ ರಿಪೇರಿ ಯಾರದೆಂಬುದನ್ನೂ ಸೇರಿಸಿ. ಬರೆಯದಿದ್ದರೆ ಆ ಖರ್ಚು ದಾರಿ ಬಳಸುವವರದ್ದೇ.